ಮಾತು ಮತ್ತು ಮರುಮಾತು: ದ್ವಿಮುಖ ರೇಡಿಯೋವಿನ ಶ್ರುತಿ ಹೊಂದಿಸುವ ಬಗೆ



ರೇಡಿಯೋ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಮನೆಯ ಮೇಜಿನ ಮೇಲೆ ಕುಳಿತು ಹಾಡುವ ಪೆಟ್ಟಿಗೆ. ಅದರ ಗುಂಡಿಯನ್ನು ತಿರುಗಿಸುವೆವು, ಬೇಕಾದ ದನಿ ಸಿಕ್ಕಿದರೆ ಕೇಳುವೆವು, ಬೇಸರವಾದರೆ ಮುಚ್ಚುವೆವು. ನಾವು ಮುಚ್ಚಿದ ಸಂಗತಿ ಭಾಷಣಕಾರನಿಗೆ ತಿಳಿಯುವುದೇ ಇಲ್ಲ. ಅದು ಅವನ ಪುಣ್ಯ. ಈ ಏರ್ಪಾಡಿನಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ಗ್ರಾಹಕ ಯಂತ್ರವು ಸರಿಯಾಗಿ ಹೊಂದದಿದ್ದರೆ ಕೆಡುವುದು ಒಂದು ಹಾಡು, ಇಲ್ಲವೆ ಒಂದು ಸಂಜೆ. ಆದರೆ ಕೇಳುವವನೇ ಉತ್ತರವನ್ನೂ ಕೊಡಬೇಕಾದ ಇನ್ನೊಂದು ಬಗೆಯ ರೇಡಿಯೋ ಉಂಟು. ರೈಲುಗಾಡಿಯ ಚಾಲಕನ ಕೈಯಲ್ಲಿ, ಸುಣ್ಣಕಲ್ಲಿನ ಗಣಿಯ ಮೇಲ್ವಿಚಾರಕನ ನಡುಪಟ್ಟಿಯಲ್ಲಿ, ಪೊಲೀಸು ಠಾಣೆಯ ಮೂಲೆಯಲ್ಲಿ ಇರುವಂಥದು ಅದು. ಅಲ್ಲಿ ಒಂದು ಮಾತು ಕೇಳಿಸದೆ ಹೋದರೆ ಕೆಡುವುದು ಸಂಜೆಯಲ್ಲ. ಇಂಥ ದ್ವಿಮುಖ ರೇಡಿಯೋವಿನಲ್ಲಿ ಕೇಳುವಿಕೆಯನ್ನು ಸೂಕ್ಷ್ಮವಾಗಿ ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಉದಾಹರಣೆಗಾಗಿ ನಾವು ಕಲಬುರಗಿ ಜಿಲ್ಲೆಯ ಪೂರ್ವಭಾಗವನ್ನು ಆರಿಸಿಕೊಂಡಿದ್ದೇವೆ: ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಆಯ್ಕೆಗೆ ಕಾರಣವಿದೆ. ಮುಂಬಯಿ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲುಮಾರ್ಗವು ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಯಿತು. ಅಂದಿನಿಂದ ವಾಡಿ ಒಂದು ದೊಡ್ಡ ಕೂಡುನಿಲ್ದಾಣ. ಈ ಹಳಿಗಳ ಇಕ್ಕೆಲದಲ್ಲಿಯೂ ನೆಲದಡಿ ಚಪ್ಪಡಿ ಚಪ್ಪಡಿಯಾಗಿ ಹಾಸಿಕೊಂಡಿರುವ ಸುಣ್ಣಕಲ್ಲಿದೆ. ದೇಶದ ಎಷ್ಟೋ ಮನೆಗಳ ಅಂಗಳಕ್ಕೆ ಹಾಸಿರುವ ಶಹಾಬಾದು ಕಲ್ಲು ಇದೇ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟಿನ ಕಾರ್ಖಾನೆಗಳಿಗೆ ಆಹಾರವೂ ಇದೇ. ಹೀಗೆ ಹಳಿ, ಗಣಿ, ಕಾರ್ಖಾನೆ ಮೂರೂ ಒತ್ತೊತ್ತಾಗಿರುವ ಈ ಬಯಲಿನಲ್ಲಿ ಕೈರೇಡಿಯೋಗಳು ಹಗಲಿರುಳೂ ಮಾತನಾಡುತ್ತಿರುತ್ತವೆ. ಚಿಂಚೋಳಿಯ ಕಡೆಗೆ ಹೋದರೆ ನೆಲದ ರೂಪವೇ ಬೇರೆ. ಅಲ್ಲಿ ಗುಡ್ಡಗಳೂ ಕೊಂಚಾವರಂ ಕಾಡೂ ಇವೆ. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಬಯಲಿನಲ್ಲಿ ಸರಾಗವಾಗಿ ಹರಿಯುವ ಅಲೆ ಅಲ್ಲಿ ಮುಗ್ಗರಿಸುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಪಾಠಗಳು ದೊರೆಯುವುದರಿಂದ ಉಪನ್ಯಾಸಕನಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರಿಲ್ಲ.

ಇಲ್ಲಿ ಚರಿತ್ರೆಯ ಒಂದು ಸಂಗತಿಯನ್ನು ಹೇಳಿ ಮುಂದಕ್ಕೆ ಹೋಗುವೆವು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಾರಂಭಿಸಿದ ಆಕಾಶವಾಣಿಯ ಪ್ರೇಷಕ ಯಂತ್ರದ ಶಕ್ತಿ 30 ವ್ಯಾಟು. ಇಂದು ವಾಡಿಯಂಥ ಒಂದು ನಿಲ್ದಾಣದ ಸ್ಟೇಷನ್ ಮಾಸ್ತರರ ಮೇಜಿನ ಮೇಲಿರುವ ರೇಡಿಯೋವಿನ ಶಕ್ತಿ 25 ವ್ಯಾಟು. ಒಂದು ಸಂಸ್ಥಾನದ ರಾಜಧಾನಿಗೆ ಸಂಗೀತವನ್ನು ಉಣಬಡಿಸಿದ ಶಕ್ತಿಯೂ ಒಂದು ಗೂಡ್ಸು ಗಾಡಿಗೆ ‘ನಿಲ್ಲು’ ಎಂದು ಹೇಳುವ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಆದಕಾರಣ ಶಕ್ತಿಯೊಂದರಿಂದಲೇ ಕೆಲಸವಾಗುವುದೆಂದು ಯಾರೂ ತಿಳಿಯಬಾರದು.

ಹಳೆಯ ರೇಡಿಯೋಗಳಲ್ಲಿ ಶ್ರುತಿಗೂಡಿಸುವುದೆಂದರೆ ಮುಖ್ಯವಾಗಿ ಆವರ್ತಸಂಖ್ಯೆಯನ್ನು ಹಿಡಿಯುವುದು. ಮುಳ್ಳನ್ನು ಕೂದಲೆಳೆಯಷ್ಟು ಆಚೆಗೆ, ಕೂದಲೆಳೆಯಷ್ಟು ಈಚೆಗೆ ಸರಿಸಿ ದನಿಯನ್ನು ತಿಳಿಗೊಳಿಸಬೇಕಾಗಿತ್ತು. ಈಗಿನ ಕೈರೇಡಿಯೋವಿನಲ್ಲಿ ಆ ಕೆಲಸವನ್ನು ಒಂದು ಸ್ಫಟಿಕ ತಾನೇ ಮಾಡುತ್ತದೆ. ಚಾನೆಲ್ಲಿನ ಸಂಖ್ಯೆಯನ್ನು ಒತ್ತಿದರೆ ಆವರ್ತ ಕದಲದೆ ನಿಲ್ಲುತ್ತದೆ. ಹಾಗಾದರೆ ಮನುಷ್ಯನ ಕೈಗೆ ಉಳಿದ ಕೆಲಸವೇನು? ನಾವು ನೋಡಿದ ಮಟ್ಟಿಗೆ, ಕಷ್ಟವಾದ ಕೆಲಸವೆಲ್ಲವೂ ಉಳಿದಿದೆ. ಅದರಲ್ಲಿ ಮೊದಲನೆಯದು ಸ್ಕ್ವೆಲ್ಚು ಎಂದು ಕರೆಯಲ್ಪಡುವ ಕೀಲು. ಕನ್ನಡದಲ್ಲಿ ಅದನ್ನು ಸದ್ದಡಗು ಎನ್ನೋಣ.

ಆವರ್ತ ಬದಲಾವಣೆಯ ವಿಧಾನದಲ್ಲಿ, ಎಂದರೆ ಎಫ್.ಎಂ. ವಿಧಾನದಲ್ಲಿ, ಕೆಲಸಮಾಡುವ ಗ್ರಾಹಕ ಯಂತ್ರವು ಯಾರೂ ಮಾತನಾಡದೆ ಇರುವಾಗ ಸುಮ್ಮನಿರುವುದಿಲ್ಲ. ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ‘ಶ್‌ಶ್’ ಎಂದು ಎಡೆಬಿಡದೆ ಮೊರೆಯುತ್ತದೆ. ಒಂದು ನಿಲ್ದಾಣದ ಕೋಣೆಯಲ್ಲಿ ಎಂಟು ಗಂಟೆಯ ಕಾಲ ಈ ಮೊರೆತವನ್ನು ಕೇಳುತ್ತ ಕುಳಿತುಕೊಳ್ಳುವವನ ತಲೆ ಏನಾಗಬೇಕು? ಅದಕ್ಕಾಗಿ ಯಂತ್ರದಲ್ಲಿ ಒಬ್ಬ ದ್ವಾರಪಾಲಕನನ್ನು ಇಟ್ಟಿದ್ದಾರೆ. ಮನುಷ್ಯನ ಮಾತಿಗೆ ಬೇಕಾದ ಸ್ವರಗಳು ಸುಮಾರು 300ರಿಂದ 3000 ಹರ್ಟ್ಸಿನೊಳಗೆ ಮುಗಿಯುತ್ತವೆ. ಮೊರೆತವಾದರೋ ಅದಕ್ಕಿಂತ ಬಹಳ ಮೇಲಕ್ಕೂ ಹರಡಿಕೊಂಡಿರುತ್ತದೆ. ಮೇಲೇರಿದಷ್ಟೂ ಅದರ ಬಲ ಹೆಚ್ಚು. ದ್ವಾರಪಾಲಕನು ಮಾತಿಗಿಂತ ಮೇಲಿನ ಆ ಮಹಡಿಯಲ್ಲಿ ಕಿವಿಯಿಟ್ಟಿರುತ್ತಾನೆ. ಎಲ್ಲಿಂದಲೋ ಒಂದು ನಿಜವಾದ ಅಲೆ ಬಂದು ಸೇರಿದೊಡನೆ ಆ ಮೇಲಿನ ಮೊರೆತ ಅಡಗುತ್ತದೆ. ‘ಗದ್ದಲ ನಿಂತಿತು, ಯಾರೋ ದೊಡ್ಡವರು ಬಂದಿರಬೇಕು’ ಎಂದು ಅವನು ಬಾಗಿಲನ್ನು ತೆರೆಯುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಅವನು ಮಾತನ್ನು ಕೇಳಿ ಬಾಗಿಲು ತೆರೆಯುವವನಲ್ಲ. ಮೌನವನ್ನು ಕೇಳಿ ತೆರೆಯುವವನು.

ಈಗ ಅವನಿಗೆ ನಾವು ಕೊಡುವ ಅಪ್ಪಣೆ ಎಷ್ಟು ಬಿಗಿಯಾಗಿರಬೇಕು? ಕೀಲನ್ನು ಸಡಿಲಬಿಟ್ಟರೆ ಹುಸಿ ಸದ್ದಿಗೆಲ್ಲ ಬಾಗಿಲು ತೆರೆದುಕೊಳ್ಳುತ್ತದೆ. ಬಿಗಿಮಾಡಿದರೆ ಕೋಣೆ ಶಾಂತವಾಗುತ್ತದೆ. ಕುಳಿತವನಿಗೆ ಸುಖ. ಆದರೆ ಆ ಸುಖದ ಬೆಲೆಯನ್ನು ತೆರುವವನು ಹೊರಗೆ ದೂರದಲ್ಲಿರುವ ಮನುಷ್ಯ. ಅವನ ಅಲೆ ದುರ್ಬಲವಾದದ್ದು. ಬಾಗಿಲ ತನಕ ಬಂದು, ತಟ್ಟಿ, ತೆರೆಯದಿರಲು ಹಿಂದಕ್ಕೆ ಹೋಗುತ್ತದೆ. ಒಳಗಿರುವವನಿಗೆ ಯಾರೋ ಬಂದಿದ್ದರೆಂಬುದೇ ತಿಳಿಯದು. ನಮ್ಮ ವಿಷಯದ ಮುಳ್ಳು ಇರುವುದು ಇಲ್ಲಿ.

ಒಂದು ಗೂಡ್ಸು ಗಾಡಿಯನ್ನು ಕಲ್ಪಿಸಿಕೊಳ್ಳಿ. ಎಂಜಿನ್ನಿನಿಂದ ಹಿಂದಿನ ಡಬ್ಬಿಯವರೆಗೆ ಅದರ ಉದ್ದ ಆರೇಳು ನೂರು ಮೀಟರು. ಹಿಂದೆ ಕುಳಿತವರನ್ನು ನಾವೆಲ್ಲ ಗಾರ್ಡು ಎಂದೇ ಕರೆಯುತ್ತ ಬಂದಿದ್ದೇವೆ. 2022ರಿಂದ ಅವರ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂಬ ಹೆಸರಾಗಿದೆ. ಹೆಸರು ದೊಡ್ಡದಾಯಿತು, ಕೈಯಲ್ಲಿನ ರೇಡಿಯೋ ಮಾತ್ರ 5 ವ್ಯಾಟಿನದೇ. ನಿಲ್ದಾಣದ ಯಂತ್ರ 25 ವ್ಯಾಟಿನದು, ಎಂದರೆ 5 ಪಟ್ಟು. ಎಂಜಿನಿಯರರ ಲೆಕ್ಕದಲ್ಲಿ 7 ಡೆಸಿಬೆಲ್. ಬಯಲಿನಲ್ಲಿ ಅಲೆಗೆ ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ಎರಡು ಕಡೆಗೂ ನಷ್ಟ ಸಮಾನ. ಆದುದರಿಂದ 5 ಪಟ್ಟಿನ ವ್ಯತ್ಯಾಸವಷ್ಟೇ ಇದ್ದಿದ್ದರೆ ಸಹಿಸಬಹುದಾಗಿತ್ತು. ಆದರೆ ಗಾರ್ಡಿನ ಸುತ್ತ ಇರುವುದು ಹೊಲ ಮತ್ತು ಗಾಳಿ. ನಿಲ್ದಾಣದ ಕೋಣೆಯ ಸುತ್ತ ಇರುವುದು ಎಲ್.ಇ.ಡಿ. ದೀಪಗಳು, ಇನ್ವರ್ಟರು, ಕಂಪ್ಯೂಟರು, ಮೊಬೈಲಿನ ಚಾರ್ಜರುಗಳು; ಹೊರಗೆ 25,000 ವೋಲ್ಟಿನ ವಿದ್ಯುತ್ ತಂತಿ, ಅದನ್ನು ಉಜ್ಜುತ್ತ ಹೋಗುವ ಎಂಜಿನ್ನಿನ ತೋಳಿನಲ್ಲಿ ಆಗಾಗ ಸಿಡಿಯುವ ಕಿಡಿ. ಇವೆಲ್ಲವೂ ಸಣ್ಣ ಸಣ್ಣ ಪ್ರೇಷಕ ಯಂತ್ರಗಳೇ. ಇವುಗಳಿಂದ ನಿಲ್ದಾಣದ ಗದ್ದಲ ಹೊಲದ ಗದ್ದಲಕ್ಕಿಂತ 10 ಡೆಸಿಬೆಲ್ ಹೆಚ್ಚಿದೆಯೆಂದು ಇಟ್ಟುಕೊಳ್ಳಿ. ಒಟ್ಟು 17 ಡೆಸಿಬೆಲ್ಲಾಯಿತು. ಎಂದರೆ ಗಾರ್ಡಿಗೆ ಮಾಸ್ತರರ ಮಾತು ಎಷ್ಟು ಸುಲಭವೋ, ಮಾಸ್ತರರಿಗೆ ಗಾರ್ಡಿನ ಮಾತು ಅದಕ್ಕಿಂತ 50 ಪಟ್ಟು ಕಷ್ಟ. ಗಾರ್ಡು ‘ಕೇಳಿಸಿತು, ಕೇಳಿಸಿತು’ ಎಂದು ಕೂಗುತ್ತಿದ್ದಾನೆ; ಮಾಸ್ತರರು ‘ಉತ್ತರವೇ ಇಲ್ಲವಲ್ಲ’ ಎಂದು ಮತ್ತೆ ಮತ್ತೆ ಕರೆಯುತ್ತಿದ್ದಾರೆ. ಇದರ ಮೇಲೆ ಸದ್ದಡಗಿನ ಕೀಲನ್ನು ಇನ್ನಷ್ಟು ಬಿಗಿಮಾಡಿದರೆ, ಗಾಡಿಯ ಹಿಂಭಾಗವು ಹಳಿಯ ಮೇಲೆ ಇದ್ದೂ ಇಲ್ಲದಂತಾಗುತ್ತದೆ.

ಕೀಲನ್ನು ಹೊಂದಿಸುವ ಕ್ರಮ ಸುಲಭವಾದದ್ದು. ಚಾನೆಲ್ಲಿನಲ್ಲಿ ಯಾರೂ ಮಾತನಾಡದಿರುವ ಸಮಯವನ್ನು ನೋಡಿಕೊಳ್ಳಬೇಕು. ಕೀಲನ್ನು ಪೂರ್ತಿ ಸಡಿಲಿಸಿ ಮೊರೆತವನ್ನು ಕೇಳಬೇಕು. ಅನಂತರ ನಿಧಾನವಾಗಿ ತಿರುಗಿಸುತ್ತ ಮೊರೆತವು ತಟ್ಟನೆ ನಿಲ್ಲುವ ಎಡೆಯಲ್ಲಿ ನಿಲ್ಲಿಸಿ, ಅಲ್ಲಿಂದ ಎಳ್ಳಿನಷ್ಟು ಮಾತ್ರ ಮುಂದಕ್ಕೆ ಸರಿಸಬೇಕು. ಸಂಖ್ಯೆಯಿಂದ ಹೊಂದಿಸುವ ಹೊಸ ಯಂತ್ರಗಳಲ್ಲಿ ಸೊನ್ನೆಯಿಂದ ಒಂದೊಂದಾಗಿ ಏರಿಸಿ, ಸದ್ದು ನಿಂತ ಮೊದಲ ಸಂಖ್ಯೆಯಲ್ಲಿಯೇ ಬಿಡಬೇಕು. ಒಮ್ಮೆ ಮಾಡಿದರೆ ಸಾಲದು. ಸಂಜೆ ದೀಪಗಳು ಹೊತ್ತಿದೊಡನೆ ಗದ್ದಲದ ಮಟ್ಟ ಬದಲಾಗುತ್ತದೆ. ಆಗ ಮತ್ತೆ ನೋಡಬೇಕು. ಆದರೆ ಇದಕ್ಕಿಂತ ಉತ್ತಮವಾದ ಉಪಾಯವೆಂದರೆ ಗದ್ದಲಕ್ಕೆ ಬಾಗಿಲು ಹಾಕುವುದಲ್ಲ, ಗದ್ದಲದ ಮೂಲವನ್ನು ಹುಡುಕುವುದು. ಕೋಣೆಯ ಒಂದೊಂದು ದೀಪವನ್ನು, ಒಂದೊಂದು ಚಾರ್ಜರನ್ನು ಸರದಿಯಾಗಿ ಆರಿಸಿ ಮೊರೆತ ತಗ್ಗುವುದೇ ಎಂದು ಕೇಳಿದರೆ, ಅರ್ಧ ಗಂಟೆಯೊಳಗೆ ಕಳ್ಳನು ಸಿಕ್ಕಿಬೀಳುತ್ತಾನೆ. ಅವನು ಬಹುಮಟ್ಟಿಗೆ ಅಗ್ಗದ ಬೆಲೆಗೆ ಕೊಂಡ ಒಂದು ದೀಪವೇ ಆಗಿರುವನು.

ಬಹುತೇಕ ಯಂತ್ರಗಳಲ್ಲಿ ‘ಮಾನಿಟರ್’ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದಷ್ಟು ಹೊತ್ತು ಬಾಗಿಲು ತೆರೆದೇ ಇರುತ್ತದೆ. ದುರ್ಬಲವಾದ ದನಿಯನ್ನು ನಿರೀಕ್ಷಿಸುವಾಗ ಅದನ್ನು ಒತ್ತಿ ಮೊರೆತದ ನಡುವೆಯೇ ಆಲಿಸಬೇಕು. ಯಂತ್ರದ ದ್ವಾರಪಾಲಕನು ‘ಇಲ್ಲಿ ಯಾರೂ ಇಲ್ಲ’ ಎಂದು ತೀರ್ಮಾನಿಸಿದ ಕಡೆಯೂ ಮನುಷ್ಯನ ಕಿವಿ ಮಾತನ್ನು ಹೆಕ್ಕಿ ತೆಗೆಯಬಲ್ಲುದು. ಜಾತ್ರೆಯ ಗದ್ದಲದಲ್ಲಿ ತಾಯಿ ಮಗುವಿನ ಅಳುವನ್ನು ಗುರುತಿಸುವಳಷ್ಟೆ. ಅದೇ ಶಕ್ತಿ ಇದು.

ಇದೇ ಸಂದರ್ಭದಲ್ಲಿ ಒಳಸ್ವರದ ಸದ್ದಡಗನ್ನೂ ಹೇಳಬೇಕು. ಮಾತಿನೊಡನೆ ಕಿವಿಗೆ ಬೀಳದಂಥ ಒಂದು ತಗ್ಗುಸ್ವರವನ್ನು, 67ರಿಂದ 254 ಹರ್ಟ್ಸಿನವರೆಗೆ ಗೊತ್ತುಮಾಡಿದ ಪಟ್ಟಿಯೊಂದರಿಂದ ಆರಿಸಿ, ಕಳುಹಿಸುತ್ತಾರೆ. ಆ ಸ್ವರವನ್ನು ತಂದವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ವ್ಯಾಪಾರಿಗಳು ಇದನ್ನು ಗುಟ್ಟಿನ ಚಾನೆಲ್ಲು ಎಂದು ಹೊಗಳುವುದುಂಟು. ಇದು ಗುಟ್ಟೂ ಅಲ್ಲ, ಬೇರೆ ಚಾನೆಲ್ಲೂ ಅಲ್ಲ. ಪಕ್ಕದ ಗಣಿಯವರು ಅದೇ ಆವರ್ತದಲ್ಲಿ ಮಾತನಾಡುತ್ತಿದ್ದರೆ ಅವರ ಅಲೆ ಅಲ್ಲಿಯೇ ಇರುತ್ತದೆ. ನಮಗೆ ಕೇಳಿಸುವುದಿಲ್ಲ ಅಷ್ಟೆ. ಎಫ್.ಎಂ. ವಿಧಾನದಲ್ಲಿ ಎರಡು ಅಲೆಗಳು ಒಮ್ಮೆಗೆ ಬಂದರೆ ಬಲವಾದುದು ದುರ್ಬಲವಾದುದನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಆಗ ನಮ್ಮವನ ದನಿ ಅಳಿದುಹೋಗುತ್ತದೆ, ಅಳಿಸಿದವರು ಯಾರೆಂಬುದೂ ತಿಳಿಯುವುದಿಲ್ಲ. ಮಾತನಾಡುವ ಮುನ್ನ ಮಾನಿಟರ್ ಗುಂಡಿಯನ್ನೊತ್ತಿ ದಾರಿ ಬರಿದಾಗಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ಈ ಒಳಸ್ವರ ಬಂದಮೇಲೆ ಎಷ್ಟೋ ಮಂದಿ ಬಿಟ್ಟಿದ್ದಾರೆ. ಪ್ರಾಣಕ್ಕೆ ಸಂಬಂಧಿಸಿದ ಮಾತು ನಡೆಯುವ ಚಾನೆಲ್ಲಿನಲ್ಲಿ ಇಂಥ ಕೃತಕ ಶಾಂತಿ ಬೇಡವೆಂದೇ ನಮ್ಮ ಅಭಿಪ್ರಾಯ.

ಆಂಟೆನಾದ ವಿಚಾರವನ್ನು ಬೇಗ ಮುಗಿಸಬಹುದು. 145 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 2 ಮೀಟರು. ಅದರ ಕಾಲುಭಾಗದ ಕಡ್ಡಿ ಸುಮಾರು ಅರ್ಧ ಮೀಟರು. ಕೈರೇಡಿಯೋವಿನ ಮೇಲಿರುವ ಗಿಡ್ಡ ರಬ್ಬರು ಕೊಂಬು ಇದಕ್ಕಿಂತ ಬಹಳ ಚಿಕ್ಕದಾದ್ದರಿಂದ ಅದರ ಕೆಲಸವೂ ಕಡಮೆ. ಅದನ್ನು ನಡುಪಟ್ಟಿಗೆ ಸಿಕ್ಕಿಸಿದರೆ ಅಲೆಯ ಒಂದು ದೊಡ್ಡ ಪಾಲು ಸೊಂಟದಲ್ಲಿಯೇ ಇಂಗುತ್ತದೆ. ಯಂತ್ರವನ್ನು ಮುಖದ ಎತ್ತರಕ್ಕೆ ಹಿಡಿದು, ಕೊಂಬನ್ನು ನೆಟ್ಟಗೆ ನಿಲ್ಲಿಸಬೇಕು. ನಿಲ್ದಾಣದ ಕಂಬದ ಮೇಲಿನ ಆಂಟೆನಾ ನೆಟ್ಟಗಿರುವಾಗ ನಮ್ಮದು ಅಡ್ಡಲಾಗಿ ಮಲಗಿದ್ದರೆ, ಬಯಲಿನಲ್ಲಿ ನೂರರಲ್ಲಿ ಒಂದು ಪಾಲು ಶಕ್ತಿ ತಲಪಿದರೆ ಹೆಚ್ಚು. ಕಂಬದಿಂದ ಇಳಿಯುವ ಕೇಬಲ್ಲಿನ ಕೀಲುಗಳಲ್ಲಿ ಮಳೆನೀರು ಹೊಕ್ಕಿದ್ದರೆ ಯಂತ್ರವನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಮಳೆಗಾಲದ ಅನಂತರ ಕೇಳುವಿಕೆ ಕುಂದಿತೆಂದರೆ ಮೊದಲು ಕೇಬಲ್ಲನ್ನು ನೋಡಬೇಕು.

ಇನ್ನು ನೆಲ. ಈ ಆವರ್ತಗಳ ಅಲೆ ಸುಮಾರಾಗಿ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತದೆ. ಭೂಮಿಯ ಬಾಗಿಗೆ ಒಂದಿಷ್ಟು ಬಗ್ಗುತ್ತದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ದಿಗಂತ ಎಷ್ಟು ಕಿಲೋಮೀಟರೆಂಬುದು ಬರುತ್ತದೆ. 20 ಮೀಟರಿನ ಕಂಬಕ್ಕೆ 18 ಕಿಲೋಮೀಟರು. ನಿಂತ ಮನುಷ್ಯನ ಕೈಯಲ್ಲಿರುವ ಯಂತ್ರಕ್ಕೆ 5 ಕಿಲೋಮೀಟರು. ಎರಡನ್ನೂ ಕೂಡಿಸಿದರೆ 23. ವಾಡಿಯಿಂದ ಚಿತ್ತಾಪುರಕ್ಕೆ ನೇರ ದೂರ ಸುಮಾರು 13 ಕಿಲೋಮೀಟರು, ಶಹಾಬಾದಕ್ಕೆ 10. ಬಯಲಾದ್ದರಿಂದ ಲೆಕ್ಕದ ಪ್ರಕಾರ ಅಡ್ಡಿಯಿಲ್ಲ. ಚಿತ್ತಾಪುರದಿಂದ ಸೇಡಂ 22. ಇದು ಅಂಚಿನ ಮೇಲೆ ನಡೆದ ಹಾಗೆ. ಸೇಡಂನಿಂದ ಚಿಂಚೋಳಿ ಸುಮಾರು 35. ಎರಡು ಕಡೆಯೂ ಕಂಬವಿಲ್ಲದೆ, ಇಲ್ಲವೆ ನಡುವೆ ಎತ್ತರದಲ್ಲಿ ಮರುಪ್ರಸಾರದ ಯಂತ್ರವಿಲ್ಲದೆ, ಆಗದ ಮಾತು. ಆದರೆ ನೆಲವು ಲೆಕ್ಕದ ಪುಸ್ತಕದಂತೆ ಸಪಾಟಾಗಿಲ್ಲ. ಸುಣ್ಣಕಲ್ಲಿನ ಗಣಿಯೆಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಒಂದು ದೊಡ್ಡ ಗುಂಡಿ. ಅದರ ತಳದಲ್ಲಿ ನಿಂತವನ ದಿಗಂತ ಗುಂಡಿಯ ಗೋಡೆಯೇ. ಅವನು ಗೋಡೆಯ ಬುಡಕ್ಕೆ ಒತ್ತಿ ನಿಲ್ಲದೆ, ಗುಂಡಿಯ ಎದುರು ಬದಿಗೆ ಸರಿದು ನಿಂತರೆ ಗೋಡೆಯ ಅಂಚಿನ ಮೇಲಿಂದ ಬಗ್ಗಿ ಇಳಿಯುವ ಅಲೆ ಅವನಿಗೆ ಸಿಕ್ಕುತ್ತದೆ. ಚಿಂಚೋಳಿಯ ಗುಡ್ಡಗಳಲ್ಲಿಯೂ ಇದೇ ನ್ಯಾಯ. ಗುಡ್ಡದ ನೆರಳು ಬುಡದಲ್ಲಿ ಹೆಚ್ಚು ಕಪ್ಪು, ದೂರ ಸರಿದಂತೆ ತೆಳು. ನಿಲ್ದಾಣದ ಕಡೆಗೆ ಇನ್ನಷ್ಟು ಹತ್ತಿರ ಹೋಗೋಣವೆಂದು ಗುಡ್ಡದ ಬುಡಕ್ಕೆ ನಡೆದ ಮನುಷ್ಯನು ದನಿಯನ್ನು ಕಳೆದುಕೊಳ್ಳುತ್ತಾನೆ, ಹಿಂದಕ್ಕೆ ನಡೆದವನು ಪಡೆಯುತ್ತಾನೆ.

ಇನ್ನೂ ವಿಚಿತ್ರವಾದುದು ಅರ್ಧ ಮೀಟರಿನ ಕಥೆ. ಕಬ್ಬಿಣದ ಡಬ್ಬಿಗಳು, ತಗಡಿನ ಚಾವಣಿಗಳು, ಸಿಮೆಂಟಿನ ಗೋಪುರಗಳು ಅಲೆಯನ್ನು ಕನ್ನಡಿಗಳಂತೆ ಹಿಂದಿರುಗಿಸುತ್ತವೆ. ನೇರವಾಗಿ ಬಂದ ಅಲೆಯೂ ತಿರುಗಿ ಬಂದ ಅಲೆಯೂ ಒಂದೆಡೆ ಕೂಡಿ ಬಲಗೊಳ್ಳುತ್ತವೆ, ಇನ್ನೊಂದೆಡೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಈ ಎರಡು ಎಡೆಗಳ ನಡುವಣ ದೂರ ಅಲೆಯ ಕಾಲುಭಾಗದಷ್ಟು, ಎಂದರೆ ಅರ್ಧ ಮೀಟರು, ಇರಬಹುದು. ದನಿ ಕಡಿದು ಕಡಿದು ಬರುತ್ತಿದ್ದರೆ ಗುಂಡಿಗಳನ್ನು ತಿರುಚುವುದಕ್ಕಿಂತ ಒಂದು ಹೆಜ್ಜೆ ಪಕ್ಕಕ್ಕೆ ಇಡುವುದು ಮೇಲು. ವಿಜ್ಞಾನದಲ್ಲಿ ಇಷ್ಟು ಅಗ್ಗವಾದ ಚಿಕಿತ್ಸೆ ಬೇರೆ ಉಂಟೋ ಇಲ್ಲವೋ.

ಹವೆಯ ಮಾತು ಒಂದೆರಡು. ಈ ಅಲೆಗಳಿಗೆ ಮಳೆಯಿಂದ ಅಷ್ಟಾಗಿ ತೊಂದರೆಯಿಲ್ಲ. ಆದರೆ ಗಾಳಿಯಿಲ್ಲದ ಮುಂಜಾವಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೂ ಮೇಲಿನ ಗಾಳಿ ಬೆಚ್ಚಗೂ ಇದ್ದು ಪದರವಾದಾಗ, ಅಲೆಯು ಆ ಪದರದ ಕೆಳಗೆ ಕೊಳವೆಯಲ್ಲಿ ಹರಿದಂತೆ ಬಹುದೂರ ಹರಿಯುತ್ತದೆ. ಆಗ ಎಂದೂ ಕೇಳದ ಊರಿನ ಮಾತು ನಮ್ಮ ಚಾನೆಲ್ಲಿನಲ್ಲಿ ಇದ್ದಕ್ಕಿದ್ದಂತೆ ಕೇಳುತ್ತದೆ. ಸ್ಥಳದ ಹೆಸರನ್ನು ಹೇಳದೆ ಬರಿಯ ‘ಹೊರಡು’ ಎಂಬ ಅಪ್ಪಣೆಯನ್ನು ಕೊಡುವುದು ಎಷ್ಟು ಅಪಾಯವೆಂಬುದು ಅಂಥ ಮುಂಜಾವುಗಳಲ್ಲಿ ಗೊತ್ತಾಗುತ್ತದೆ.

ನಿಜವಾದ ಅರ್ಥದಲ್ಲಿ ಶ್ರುತಿಗೂಡಿಸುವ ಕಲೆ ಇನ್ನೂ ಜೀವಂತವಾಗಿರುವುದು ಹ್ಯಾಮ್‌ಗಳೆಂದು ಹೆಸರಾದ ಹವ್ಯಾಸಿ ರೇಡಿಯೋಗಾರರಲ್ಲಿ. ಅವರು 7 ಮೆಗಾಹರ್ಟ್ಸಿನಂಥ ಕಿರು ಆವರ್ತಗಳಲ್ಲಿ ಏಕಪಾರ್ಶ್ವ ವಿಧಾನದಿಂದ ಮಾತನಾಡುತ್ತಾರೆ. ಸಾಮಾನ್ಯ ಪ್ರಸಾರದಲ್ಲಿ ಮಾತಿನ ಜೊತೆಗೆ ಒಂದು ವಾಹಕ ಅಲೆಯೂ ಮಾತಿನ ಎರಡು ಪ್ರತಿಗಳೂ ಹೋಗುತ್ತವೆ. ಏಕಪಾರ್ಶ್ವದಲ್ಲಿ ಒಂದು ಪ್ರತಿಯನ್ನು ಮಾತ್ರ ಕಳುಹಿಸಿ ಉಳಿದುದನ್ನು ಬಿಟ್ಟುಬಿಡುತ್ತಾರೆ, ಶಕ್ತಿ ಉಳಿಯುತ್ತದೆ. ಆದರೆ ಬಿಟ್ಟ ವಾಹಕವನ್ನು ಕೇಳುವವನ ಯಂತ್ರವು ತಾನೇ ಹುಟ್ಟಿಸಿ ಸೇರಿಸಬೇಕು. ಅದು 100 ಹರ್ಟ್ಸಿನಷ್ಟು ತಪ್ಪಿದರೂ ದನಿ ವಿಕಾರವಾಗುತ್ತದೆ. ಸಂಗೀತ ಬಲ್ಲ ಶ್ರೋತೃಗಳಿಗೆ ಇದನ್ನು ಹೀಗೆ ಹೇಳಬಹುದು. ತಂಬೂರಿಯ ಶ್ರುತಿಯನ್ನು ಏರಿಸಿದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಅವುಗಳ ಸಂಬಂಧ ಕೆಡುವುದಿಲ್ಲ. ಇಲ್ಲಿ ಹಾಗಲ್ಲ. 200 ಹರ್ಟ್ಸಿನ ಸ್ವರವೂ 400ರ ಸ್ವರವೂ ಒಂದೇ ಮೊತ್ತವನ್ನು ಕೂಡಿಕೊಂಡು 300, 500 ಆಗುತ್ತವೆ. ಒಂದಕ್ಕೆರಡೆಂಬ ಸಂಬಂಧವೇ ಮುರಿಯಿತು. ಆದ್ದರಿಂದಲೇ ಅಂಥ ದನಿ ಅಪಶ್ರುತಿಯೆನಿಸುವುದಷ್ಟೇ ಅಲ್ಲ, ಬಾತುಕೋಳಿ ಮಾತನಾಡಿದಂತೆ ತೋರುತ್ತದೆ.

ಇದನ್ನು ಸರಿಪಡಿಸುವ ಚಿಕ್ಕ ಗುಂಡಿಗೆ ಕ್ಲಾರಿಫೈಯರ್ ಎಂದು ಹೆಸರು. ದನಿ ಕೀರಲಾಗಿರುವ ಬದಿಯಿಂದ ಬಂದು ಮೆಲ್ಲಗೆ ಇಳಿಸುತ್ತ, ಮನುಷ್ಯನ ಕೊರಳು ಎನಿಸಿದೊಡನೆ ನಿಲ್ಲಿಸಬೇಕು. ಇಲ್ಲಿ ದ್ವಿಮುಖ ರೇಡಿಯೋವಿನದೇ ಆದ ಒಂದು ತೊಡಕಿದೆ. ಕೇಳುವಿಕೆಯನ್ನು ತಿದ್ದಲು ಮುಖ್ಯ ಗುಂಡಿಯನ್ನೇ ತಿರುಗಿಸಿದರೆ ನಾವು ಕಳುಹಿಸುವ ಆವರ್ತವೂ ಅದರ ಜೊತೆಗೆ ಸರಿಯುತ್ತದೆ. ಈಗ ನಮ್ಮ ದನಿ ಎದುರಿನವನಿಗೆ ವಿಕಾರವಾಗುತ್ತದೆ. ಅವನೂ ತನ್ನ ಮುಖ್ಯ ಗುಂಡಿಯನ್ನು ತಿರುಗಿಸುತ್ತಾನೆ. ನಾವು ಮತ್ತೆ ತಿರುಗಿಸುತ್ತೇವೆ. ಹೀಗೆ ಇಬ್ಬರು ಸಭ್ಯರು ಒಬ್ಬರನ್ನೊಬ್ಬರು ಹಿಂಬಾಲಿಸುತ್ತ ಪಟ್ಟಿಯ ಉದ್ದಕ್ಕೂ ಮೆರವಣಿಗೆ ಹೊರಡುತ್ತಾರೆ. ಅದಕ್ಕಾಗಿಯೇ ಕೇಳುವಿಕೆಯನ್ನು ಮಾತ್ರ ಸರಿಸುವ ಬೇರೆ ಗುಂಡಿಯನ್ನು ಇಟ್ಟಿರುವುದು. ಇಬ್ಬರಲ್ಲಿ ಒಬ್ಬನು ಕದಲದೆ ನಿಲ್ಲಬೇಕು.

ಬೇಸಗೆಯ ಕೊನೆಯ ಗುಡುಗಿನ ದಿನಗಳಲ್ಲಿ ಈ ಆವರ್ತಗಳಲ್ಲಿ ಸಿಡಿಲಿನ ಚಟಪಟ ಹೆಚ್ಚು. ಆಗ ಹೊಸಬರು ಶಬ್ದದ ಗುಂಡಿಯನ್ನು ಏರಿಸುತ್ತಾರೆ. ಅನುಭವಸ್ಥರು ಗ್ರಾಹಕದ ಮೊದಲ ಹಂತದ ವರ್ಧನೆಯನ್ನು ಇಳಿಸುತ್ತಾರೆ. ಯಂತ್ರದ ಸ್ವಯಂನಿಯಂತ್ರಣವು ಪ್ರತಿಯೊಂದು ಸಿಡಿಲಿಗೂ ಬೆಚ್ಚಿ ಕಿವಿ ಮುಚ್ಚಿಕೊಳ್ಳುವುದು ಇದರಿಂದ ತಪ್ಪುತ್ತದೆ. ದನಿ ಸಣ್ಣದಾಯಿತು ಎನಿಸಿದರೂ ಮಾತು ಸ್ಪಷ್ಟವಾಗುತ್ತದೆ.

ಈ ಹವ್ಯಾಸವೆಲ್ಲ ಏತಕ್ಕೆ ಎನ್ನುವವರಿಗೆ ಉತ್ತರ ದೂರದಲ್ಲಿಲ್ಲ. 1993ರ ಸೆಪ್ಟೆಂಬರ್ 30ರ ಮುಂಜಾವಿನಲ್ಲಿ ಕಿಲ್ಲಾರಿಯ ಸುತ್ತಣ ಹಳ್ಳಿಗಳು ಭೂಕಂಪದಿಂದ ನೆಲಸಮವಾದವು. ಕಲಬುರಗಿ ಸೀಮೆಗೆ ಅದು ನೆರೆಯ ನಾಡು. ಅಲ್ಲಿಂದ ಸುದ್ದಿ ಕಳುಹಿಸುವ ಕೆಲಸದಲ್ಲಿ ಹವ್ಯಾಸಿ ರೇಡಿಯೋಗಾರರು ಕೈಗೂಡಿಸಿದರು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿಯೇ ನೆಲ ಮತ್ತೆ ಮತ್ತೆ ನಡುಗಿ, ಜನರು ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆದರು. ಅದರ ಹಿಂದಿನ ವರ್ಷ, 2020ರ ಅಕ್ಟೋಬರಿನಲ್ಲಿ, ಭೀಮಾ ನದಿಯ ಪ್ರವಾಹ ಜಿಲ್ಲೆಯ ಹಳ್ಳಿಗಳನ್ನು ಮುತ್ತಿತ್ತು. ಮೊಬೈಲಿನ ಗೋಪುರಕ್ಕೆ ವಿದ್ಯುತ್ತು ತಪ್ಪಿದ ಕೆಲವು ಗಂಟೆಗಳಲ್ಲಿ ಅದರ ಬ್ಯಾಟರಿ ಬರಿದಾಗುತ್ತದೆ. ಕಾರಿನ ಬ್ಯಾಟರಿ, ಎರಡು ಮರಗಳ ನಡುವೆ ಕಟ್ಟಿದ 20 ಮೀಟರಿನ ತಂತಿ, ಒಂದು ಏಕಪಾರ್ಶ್ವ ಯಂತ್ರ, ಅದನ್ನು ಹೊಂದಿಸಬಲ್ಲ ಒಬ್ಬ ಮನುಷ್ಯ: ಇಷ್ಟಿದ್ದರೆ ಹಗಲಿನಲ್ಲಿ 7 ಮೆಗಾಹರ್ಟ್ಸಿನ ಅಲೆ ಮೇಲಕ್ಕೇರಿ, ಅಯಾನುಮಂಡಲಕ್ಕೆ ತಾಗಿ, ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಇಳಿಯುತ್ತದೆ. ಕತ್ತಲಾದಮೇಲೆ ಹತ್ತಿರದ ಊರುಗಳನ್ನು ಅದು ಹಾರಿಹೋಗುವ ಸಂಭವವುಂಟು, ಆಗ 3.5 ಮೆಗಾಹರ್ಟ್ಸಿಗೆ ಇಳಿಯಬೇಕು.

ಇಷ್ಟನ್ನೂ ಹೊಂದಿಸಿದಮೇಲೆ ಉಳಿಯುವುದು ಮಾತು. ಯಂತ್ರವು ಮಾತಿನ ಎರಡು ಅಂಚುಗಳನ್ನು ಕತ್ತರಿಸುವುದರಲ್ಲಿ ನಿಪುಣ. ಗುಂಡಿಯನ್ನು ಒತ್ತಿದೊಡನೆ ಎದುರಿನ ಬಾಗಿಲು ತೆರೆಯುವುದಿಲ್ಲ. ಒಳಸ್ವರವನ್ನು ಗುರುತಿಸಲು ಅದಕ್ಕೆ ಕ್ಷಣಕಾಲ ಬೇಕು. ಒತ್ತುತ್ತಲೇ ಮಾತನಾಡಿದವನ ಮೊದಲ ಪದ ಹೊಸ್ತಿಲ ಹೊರಗೇ ಉಳಿಯುತ್ತದೆ. ಮಾತು ಮುಗಿಯುವ ಮುನ್ನ ಬೆರಳನ್ನು ತೆಗೆದರೆ ಕೊನೆಯ ಅಕ್ಷರ ಹೋಗುತ್ತದೆ. ಇಂಗ್ಲಿಷಿನಲ್ಲಿ ಇದರಿಂದ ಆಗುವ ಹಾನಿ ಕಡಮೆ. ಏಕೆಂದರೆ ಅಲ್ಲಿ ನಿಷೇಧವು ವಾಕ್ಯದ ಮುಂಭಾಗದಲ್ಲಿಯೇ ಬಂದುಬಿಡುತ್ತದೆ. ಕನ್ನಡದಲ್ಲಿ ಅದು ಬಾಲದಲ್ಲಿದೆ. ‘ಗಾಡಿ ಬಿಡಬೇಕು’, ‘ಗಾಡಿ ಬಿಡಬೇಡ’ ಈ ಎರಡಕ್ಕೂ ಇರುವ ಭೇದ ಕಟ್ಟಕಡೆಯ ಒಂದು ಅಕ್ಷರ. ಬೆರಳು ಅರ್ಧ ಸೆಕೆಂಡು ಅವಸರಪಟ್ಟರೆ ಕೇಳುವವನಿಗೆ ತಲಪುವುದು ‘ಗಾಡಿ ಬಿಡಬೇ’ ಎಂಬಿಷ್ಟೇ. ಉಳಿದುದನ್ನು ಅವನು ತನ್ನ ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ‘ಬರುವುದಿಲ್ಲ’ ಎಂಬುದು ‘ಬರುವುದು’ ಆಗಿಬಿಡುತ್ತದೆ. ನಮ್ಮ ವ್ಯಾಕರಣದ ಈ ಸೊಗಸು ರೇಡಿಯೋವಿಗೆ ಒಗ್ಗದು. ಆದುದರಿಂದ ನಿಷೇಧವನ್ನು ವಾಕ್ಯದ ತಲೆಗೆ ತರಬೇಕು: ‘ನಿಲ್ಲು, ನಿಲ್ಲು, ಗಾಡಿ ನಿಲ್ಲಿಸು’. ಹಿಂದಿಯಲ್ಲಿ ಮಾತನಾಡುವವರು ‘ರುಕೋ’ ಎನ್ನುವುದೂ ಇದೇ ಕ್ರಮ. ‘ಮತ್ ಜಾನಾ’ ಎಂಬುದರಲ್ಲಿ ಮೊದಲ ಪದ ತುಂಡಾದರೆ ಅರ್ಥ ತಲೆಕೆಳಗಾಗುತ್ತದೆ. ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ‘ಎಪ್ಪತ್ತು’, ‘ಎಂಬತ್ತು’ ಮೊರೆತದಲ್ಲಿ ಒಂದೇ ಆಗುತ್ತವೆ. ‘ಏಳು ಸೊನ್ನೆ’, ‘ಎಂಟು ಸೊನ್ನೆ’ ಬೇರೆಯಾಗಿಯೇ ಉಳಿಯುತ್ತವೆ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಬೀದಿಯಲ್ಲಿ ಕೇಳುವ ಈ ಸೀಮೆಯಲ್ಲಿ ಅಪ್ಪಣೆಯ ಪದಗಳಾದರೂ ಒಂದೇ ಆಗಿರಬೇಕು, ಕೇಳಿದವನು ಅವನ್ನು ಮರಳಿ ಹೇಳಿ ಒಪ್ಪಿಸಬೇಕು. ಮಳಖೇಡದ ಕಾಗಿಣಾ ನದಿಯ ತಡಿಯಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಈ ನಾಡಿನವರನ್ನು ಹೊಗಳಿದಾಗ, ತಕ್ಕಂತೆ ಮಾತನಾಡುವ ಶಕ್ತಿಯನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಆಡಿದುದನ್ನು ಗ್ರಹಿಸಿ ವಿಚಾರಿಸುವ ಶಕ್ತಿಯನ್ನೂ ಸೇರಿಸಿತು. ಅದೇ ಮಳಖೇಡದ ಸ್ಟೇಷನ್ನಿನಲ್ಲಿ ಇಂದು ಸಿಮೆಂಟಿನ ಗಾಡಿಗಳು ನಿಲ್ಲುತ್ತವೆ.

ಕೊನೆಯದಾಗಿ ಗಣಿಯ ಒಂದು ಸಂಗತಿ. ವಿದ್ಯುತ್ತಿನಿಂದ ಸಿಡಿಯುವ ಕೇಪುಗಳ ತಂತಿಗಳನ್ನು ಬಂಡೆಯ ಮೇಲೆ ಹಾಸಿರುವಾಗ ಆ ತಂತಿಗಳೇ ಆಂಟೆನಾ ಆಗಿಬಿಡುತ್ತವೆ. ಸಮೀಪದಲ್ಲಿ ರೇಡಿಯೋವಿನ ಗುಂಡಿಯನ್ನು ಒತ್ತಿದರೆ ಅವುಗಳಲ್ಲಿ ಹರಿಯುವ ವಿದ್ಯುತ್ತು ಕೇಪನ್ನು ಸಿಡಿಸಲೂಬಹುದು. ಅದರಿಂದ ಮದ್ದು ತುಂಬಿದ ಜಾಗದ ಸುತ್ತ, ಗೊತ್ತುಮಾಡಿದ ಎಲ್ಲೆಯೊಳಗೆ, ದ್ವಿಮುಖ ರೇಡಿಯೋಗಳನ್ನು ಆರಿಸಿಡಬೇಕು. ಮಾತನಾಡದೆ ಕೇಳುತ್ತಿದ್ದರೆ ಸಾಲದು. ಬೆರಳು ಅರಿಯದೆಯೂ ಗುಂಡಿಗೆ ತಾಗುವುದುಂಟು. ಅಲ್ಲಿ ಎಚ್ಚರಿಕೆಯನ್ನು ಕೊಡುವುದು ಕೆಂಪು ಬಾವುಟ ಮತ್ತು ಸೈರನ್ನು. ಸ್ಫೋಟವಾಗಿ, ಸಿಡಿಯದೆ ಉಳಿದ ಮದ್ದು ಇಲ್ಲವೆಂದು ನೋಡಿಕೊಂಡು, ಎಲ್ಲವೂ ಸರಿಯೆಂಬ ಸೈರನ್ನು ಕೂಗಿದಮೇಲೆ ಯಂತ್ರಗಳನ್ನು ಮತ್ತೆ ಹೊತ್ತಿಸುತ್ತಾರೆ. ಮೊದಲು ಮಾನಿಟರ್ ಗುಂಡಿ, ಅನಂತರ ಮಾತು.